ಪ್ಯಾಕಿಂಗ್ ಹಲಗೆಯ ಕಬೋರ್ಡು

ಗೌರಿಗೆ ಸಿಟ್ಟು ಮೂಗಿನ ತುದೀಲೇ ಕೂತಿರುತ್ತೆ ಅಂತ ಟಿ. ದಾಸರಹಳ್ಳಿಯ ಆ ಗಲ್ಲಿಯವರೆಲ್ಲ ಹೇಳೋರು. ಹೇಳೋರಿಗೇನು, ನಲ್ಲಿ ಹತ್ತಿರ ನಿಂತು ಹೇಳ್ತಾರೆ, ಕೊಡ ತುಂಬಿದ ಮೇಲೆ ಹೊರಟುಹೋಗ್ತಾರೆ. ಯಾಕಮ್ಮ ನಿಂಗಿಷ್ಟು ಸಿಟ್ಟು ಅಂತ ಒಬ್ಬರಾದರೂ ಕೇಳಿದ್ರಾ? ಕೇಳಿದ್ದರೆ ಅವಳೇ ಹೇಳುತ್ತಿದ್ದಳು, ಗಲ್ಲಿಯ ಆ ತುದಿಗೂ ಕೇಳಿಸೋ ಹಾಗೆ.

ಅವಳು ಕೆಲಸಕ್ಕಿದ್ದದ್ದು ಪೀಣ್ಯದಲ್ಲಿ, ನೀರಿನ ಪಂಪು ತಯಾರಿಸೋ ಒಂದು ಕಾರ್ಖಾನೆಯ ಪ್ಯಾಕಿಂಗ್ ಸೆಕ್ಷನ್ನಿನಲ್ಲಿ. ಹುದ್ದೆ ಹೆಲ್ಪರ್. ಟೋಕನ್ ನಂಬರ್ ನಾನೂರ ಹದಿನೇಳು. ಹೆಲ್ಪರ್ ಅಂದರೆ ಹಲಗೆ ಎತ್ತಿಕೊಡೋದು, ಮೊಳೆ ಕೈಗೆ ಕೊಡೋದು, ಮರದ ಪುಡಿ ಗುಡಿಸೋದು. ಕಾಗದದ ಮೇಲೆ ಅಷ್ಟೇ. ಆದರೆ ಅಲ್ಲಿನ ಕಾರ್ಪೆಂಟರ್ ವೆಂಕಟಪ್ಪನಿಗೆ ಮಂಡಿನೋವು ಶುರುವಾದಾಗಿನಿಂದ, ಅಂದರೆ ಆರು ವರ್ಷದಿಂದ, ಹೊರದೇಶಕ್ಕೆ ಹೋಗೋ ಪಂಪುಗಳ ಮರದ ಬಾಕ್ಸು ಹೊಡೆಯುತ್ತಿದ್ದವಳು ಗೌರಿ. ಮುದುಕ ಸ್ಟೂಲಿನ ಮೇಲೆ ಕೂತು ಹೇಳಿಕೊಟ್ಟ, ಇವಳು ಕಲಿತಳು. ಒಂದೇ ಸಾಲಿನಲ್ಲಿ ಮೊಳೆ ಹೊಡೆದರೆ ಹಲಗೆ ನಾರಿನಗುಂಟ ಸೀಳಿಹೋಗುತ್ತೆ. ಒಂದು ಆಚೆ, ಒಂದು ಈಚೆ, ಸ್ವಲ್ಪ ಓರೆಯಾಗಿ ಹೊಡೆಯಬೇಕು. ಹೊಡೆಯೋ ಮುಂಚೆ ಮೊಳೆಯ ಚೂಪು ತುದಿಗೆ ಒಂದು ಸಣ್ಣ ಏಟು ಹಾಕಿ ಮೊಂಡು ಮಾಡಿಕೊಳ್ಳಬೇಕು. ಹೀಗೆ ದಿನಕ್ಕೆ ಮೂವತ್ತು ಬಾಕ್ಸು, ಒಂದೂ ಸೀಳು ಬಿಟ್ಟದ್ದಿಲ್ಲ.

ಆ ಸೆಕ್ಷನ್ನಿನಲ್ಲಿ ಒಂದು ಪದ್ಧತಿ ಇತ್ತು. ಬಾಕ್ಸು ಯಾರು ಹೊಡೆದರೋ ಅವರು ಮುಚ್ಚೋ ಮುಂಚೆ ಮೇಲಿನ ಹಲಗೆಯ ಒಳಮಗ್ಗುಲಲ್ಲಿ ಕಪ್ಪು ಬಣ್ಣದಿಂದ ತಮ್ಮ ಟೋಕನ್ ನಂಬರ್ ಬರೆಯಬೇಕು. ಶಹಬ್ಬಾಸ್ ಅನ್ನೋಕಲ್ಲ. ಎಲ್ಲಾದರೂ ಬಾಕ್ಸು ಒಡೆದು ಪಂಪು ಹಾಳಾದರೆ ಯಾರ ಕತ್ತಿನ ಪಟ್ಟಿ ಹಿಡಿಯಬೇಕು ಅಂತ ಗೊತ್ತಾಗೋಕೆ. ಆರು ವರ್ಷದಲ್ಲಿ ನಾನೂರ ಹದಿನೇಳನ್ನ ಹುಡುಕಿಕೊಂಡು ಒಬ್ಬರೂ ಬಂದಿರಲಿಲ್ಲ. ಹಾಗಾಗಿ ಆ ನಂಬರ್ ಯಾರದು ಅಂತ ಮೇಲಿನವರು ಯಾರಿಗೂ ಗೊತ್ತಿರಲಿಲ್ಲ.

ತೊಂಬತ್ತಾರರ ಫೆಬ್ರವರಿಯಲ್ಲಿ ವೆಂಕಟಪ್ಪ ರಿಟೈರ್ ಆದ. ಹಾರ, ಶಾಲು, ಗೋಡೆ ಗಡಿಯಾರ ಎಲ್ಲ ಮುಗಿದ ಮೇಲೆ ತನ್ನ ಸುತ್ತಿಗೆಯನ್ನ ಗೌರಿ ಕೈಗೆ ಕೊಟ್ಟು, "ಇನ್ನೇನವ್ವ, ಈ ಸ್ಟೂಲು ನಿಂದೇಯ," ಅಂದ. ಗೌರಿ ನಂಬಿದಳು. ಕಾರ್ಪೆಂಟರ್ ಅಂದರೆ ಸಂಬಳ ಹೆಚ್ಚುಕಮ್ಮಿ ಎರಡರಷ್ಟು. ಮನೆಯಲ್ಲಿ ಗಂಡ ರಾಜೇಂದ್ರ ಖಾಲಿ ಕೂತಿದ್ದ, ಅವನ ಸ್ಪ್ರಿಂಗ್ ಫ್ಯಾಕ್ಟರಿಗೆ ಬೀಗ ಬಿದ್ದು ಎಂಟು ತಿಂಗಳಾಗಿತ್ತು. ಸಂಬಳ ಒಂದು ಕಡೆ ಇರಲಿ, ಹಾಜರಿ ಪುಸ್ತಕದಲ್ಲಿ ತನ್ನ ಹೆಸರಿನ ಮುಂದೆ ಕಾರ್ಪೆಂಟರ್ ಅಂತ ಬರೆದಿರೋದನ್ನ ಒಂದು ಸಲ ನೋಡಬೇಕು ಅಂತ ಅವಳಿಗೆ ಆಸೆ. ಆಸೆ ಅಂದರೆ ಅಂತಿಂಥ ಆಸೆಯಲ್ಲ, ಅನ್ನ ಕಲಸುವಾಗಲೂ ಅದೇ ನೆನಪಾಗೋದು.

ಫೋರ್‌ಮನ್ ಸೋಮಪ್ಪನ ಹತ್ತಿರ ಹೋಗಿ ನೇರವಾಗಿ ಕೇಳಿದಳು.

"ವೆಂಕಟಪ್ಪನೋರ ಜಾಗಕ್ಕೆ ನನ್ನ ಹಾಕಿ ಸಾರ್."

ಸೋಮಪ್ಪ ಕೆಟ್ಟವನೇನಲ್ಲ. ಅದೇ ಸಿಟ್ಟು ಬರಿಸೋದು. ಕೆಟ್ಟವನಾಗಿದ್ದರೆ ಮನಸ್ಸಿನಲ್ಲೇ ಬೈದುಕೊಂಡು ಸುಮ್ಮನಾಗಬಹುದಿತ್ತು. ಅವನು ನಕ್ಕ, ಕನ್ನಡಕ ಒರೆಸಿಕೊಂಡ, "ಬಾಕ್ಸಿಗೆ ಮೊಳೆ ಹೊಡೆಯೋದು ಬೇರೆ, ಮರಗೆಲಸ ಬೇರೆ ಕಣಮ್ಮ. ಒಂದು ಬಾಗಿಲು, ಒಂದು ಕಬೋರ್ಡು ಮಾಡಿದೀಯಾ? ಮಾಡಿದ್ರೆ ತೋರ್ಸು, ಮ್ಯಾನೇಜರ್ ಹತ್ರ ಮಾತಾಡ್ತೀನಿ," ಅಂದ. ಅಂದು ಬೆನ್ನು ತಿರುಗಿಸಿದ.

ಮಾಡಿದ್ರೆ ತೋರ್ಸು ಅಂತೆ. ಆರು ವರ್ಷ ಸಮುದ್ರ ದಾಟಿ ಹೋದ ಬಾಕ್ಸುಗಳನ್ನೆಲ್ಲ ಯಾರೋ ದೇವರು ಬಂದು ಮಾಡಿಟ್ಟು ಹೋಗಿದ್ದನಾ? ಗೌರಿಯ ಮೈಯೆಲ್ಲ ಉರಿದುಹೋಯಿತು. ಆದರೂ ಬಸ್ಸಿನಲ್ಲಿ ಮನೆಗೆ ಬರುತ್ತ ತೀರ್ಮಾನ ಮಾಡಿಬಿಟ್ಟಳು. ಸರಿ, ಕಬೋರ್ಡು ತಾನೇ? ತೋರಿಸೋಣ.

ಮನೆಗೆ ಅದು ಬೇಕೂ ಇತ್ತು. ಮಲಗೋ ರೂಮು ಹತ್ತಡಿ ಒಂಬತ್ತಡಿ. ಅದರಲ್ಲೊಂದು ಮಂಚ, ಮಂಚದ ಕೆಳಗೆ ಎರಡು ಟ್ರಂಕು, ಗೋಡೆಯಿಂದ ಗೋಡೆಗೆ ಬಟ್ಟೆ ಹಾಕೋ ಹಗ್ಗ. ಟ್ರಂಕಿನ ತಳ ತುಕ್ಕು ಹಿಡಿದು ಅವಳ ಮದುವೆ ಸೀರೆಯ ಸೆರಗಿಗೆ ಕಲೆಯಾಗಿತ್ತು, ಮಗಳು ಸೌಮ್ಯಾಳ ಯೂನಿಫಾರಂ ಅನ್ನ ಇಲಿ ಕಡಿದಿತ್ತು. ಅಂಗಡಿಯ ಕಬ್ಬಿಣದ ಬೀರು ತರೋಣ ಅಂದರೆ ಗೋಡೆಯಿಂದ ಚಾಚಿಕೊಂಡಿದ್ದ ಸಜ್ಜೆ ಆರಡಿ ಎತ್ತರಕ್ಕೇ ಅಡ್ಡ ಬರುತ್ತಿತ್ತು, ಬೀರು ಆರೂವರೆ. ಕರೆದುಕೊಂಡು ಬಂದ ಆಚಾರಿ ರೂಮಿನೊಳಗೆ ಕಾಲೂ ಇಡದೆ, ಬಾಗಿಲಲ್ಲೇ ನಿಂತು, ಅವಳ ಅರ್ಧ ವರ್ಷದ ಸಂಬಳ ಕೇಳಿದ.

ಕಾರ್ಖಾನೆಗೆ ಹೊರಗಿನಿಂದ ಮಿಷಿನ್ನು ಬಂದಾಗ ಅದರ ಜೊತೆ ಬರೋ ಪೈನ್ ಮರದ ಪೆಟ್ಟಿಗೆಗಳನ್ನ ಬಿಚ್ಚಿ, ಶನಿವಾರ ಕೆಲಸಗಾರರಿಗೆ ತೂಕದ ಲೆಕ್ಕದಲ್ಲಿ ಸೌದೆ ಬೆಲೆಗೆ ಕೊಡುತ್ತಿದ್ದರು. ಬೇರೆಯವರು ಒಲೆಗೆ ಹಾಕೋಕೆ ಒಯ್ಯುತ್ತಿದ್ದರು. ಗೌರಿ ಒಂದೊಂದು ಹಲಗೆಯನ್ನೂ ಕಣ್ಣಿನ ಮಟ್ಟಕ್ಕೆ ಹಿಡಿದು, ಸೊಟ್ಟಗಿದ್ದದ್ದನ್ನ ಬಿಟ್ಟು, ನೆಟ್ಟಗಿದ್ದದ್ದನ್ನ ಆರಿಸಿ, ಗೇಟ್ ಪಾಸ್ ಬರೆಸಿಕೊಂಡು, ಗಂಡನ ಸೈಕಲ್ಲಿಗೆ ಕಟ್ಟಿ ತಳ್ಳಿಕೊಂಡು ಬಂದಳು. ಆರು ಶನಿವಾರ. ಗಂಡನನ್ನ ಕರೆದರೆ ಬರಲಿಲ್ಲ. ಹೆಂಡತಿ ಜೊತೆ ಹಲಗೆ ತಳ್ಳಿಕೊಂಡು ತುಮಕೂರು ರೋಡಲ್ಲಿ ಬರೋಕೆ ನಾಚಿಕೆ ಅಂತೆ. ಹಗಲೆಲ್ಲ ಟೀ ಅಂಗಡೀಲಿ ಕೂತು ಬೀಡಿ ಸುಡೋಕೆ ಮಾತ್ರ ನಾಚಿಕೆ ಇಲ್ಲ.

ಭಾನುವಾರಗಳಲ್ಲಿ ಮನೆ ಮುಂದಿನ ಜಗಲಿಯೇ ಅವಳ ಕಾರ್ಖಾನೆ. ಮೊದಲು ಗೋಡೆಯನ್ನ ಮೂರು ಕಡೆ ಅಳೆದಳು. ನೆಲದ ಹತ್ತಿರ ನಾಲ್ಕಡಿ ಮೂರಿಂಚು, ಸೊಂಟದ ಹತ್ತಿರ ಅಷ್ಟೇ, ಮೇಲೆ ಸಜ್ಜೆ ಹತ್ತಿರ ಅರ್ಧ ಇಂಚು ಕಮ್ಮಿ. ಗೋಡೆ ಕಟ್ಟಿದ ಮೇಸ್ತ್ರಿಗೆ ಎರಡು ಬೈಗುಳ ಹಾಕಿ, ಕಮ್ಮಿ ಇದ್ದ ಅಳತೆಯನ್ನೇ ಹಿಡಿದಳು. ಒಂದೇ ದೊಡ್ಡ ಕಬೋರ್ಡು ಮಾಡಿದರೆ ರೂಮಿನ ಬಾಗಿಲಲ್ಲಿ ತೂರಲ್ಲ. ಅದಕ್ಕೇ ಎರಡು ಪೆಟ್ಟಿಗೆ ಮಾಡಿ ಒಳಗೆ ಅಕ್ಕಪಕ್ಕ ನಿಲ್ಲಿಸೋದು ಅಂತ ಮಾಡಿದಳು. ಒಂದರಲ್ಲಿ ಸೀರೆ, ಷರ್ಟು ನೇತುಹಾಕೋಕೆ ಅಡ್ಡಲಾಗಿ ಒಂದು ನಲ್ಲಿ ಪೈಪು. ಇನ್ನೊಂದರಲ್ಲಿ ಐದು ಅಂತಸ್ತು, ನಡುವೆ ಬೀಗ ಹಾಕೋ ಒಂದು ಡ್ರಾಯರು. ಇಲಿ ಸೇರದ ಹಾಗೆ, ಪೊರಕೆ ಆಡೋ ಹಾಗೆ, ಪಂಪಿನ ಬಾಕ್ಸಿಗೆ ಹಾಕೋ ಥರದ್ದೇ ದಪ್ಪ ಪಟ್ಟಿ ಕೆಳಗೆ. ಹಲಗೆಗಳನ್ನ ಉಪ್ಪುಕಾಗದದಲ್ಲಿ ಉಜ್ಜಿ ಉಜ್ಜಿ ಬೆರಳ ತುದಿಯ ಗೆರೆಗಳೇ ಸವೆದುಹೋದವು. ಒಂದು ಹಲಗೆಯ ಮೇಲೆ ಮಳೇಲಿ ನೆನೆಸಬೇಡಿ ಅಂತ ಅಚ್ಚು ಹಾಕಿದ್ದ ಕೊಡೆಯ ಗುರುತು ಎಷ್ಟು ಉಜ್ಜಿದರೂ ಹೋಗಲಿಲ್ಲ, ಆ ಅಂತಸ್ತು ನಂಗಿರಲಿ ಅಂತ ಸೌಮ್ಯಾ ಹಟ ಹಿಡಿದಳು.

ಅತ್ತೆ ಪಿಳ್ಳಮ್ಮನದು ಬೇರೆ ರಾಗ. "ಎಂಗಸು ಸುತ್ತಿಗೆ ಇಡ್ಕಂಡು ಬೀದೀಲಿ ಕುಂತು ಕುಟ್ತಾ ಇದ್ರೆ ನೋಡ್ದೋರು ಏನಂತಾರೆ? ಮನೇಲಿ ಗಂಡ್ಸು ಇಲ್ವಾ ಅಂತಾರೆ."

"ಇದಾರಲ್ಲತ್ತೆ, ಅಗೋ ಮಲಗಿದಾರೆ," ಅಂದು ಗೌರಿ ಇನ್ನೊಂದು ಮೊಳೆ ಹೊಡೆದಳು.

ರಾಜೇಂದ್ರ ಮಾಡಿದ್ದು ಒಂದೇ ಕೆಲಸ. ಎಲ್ಲ ಮುಗಿದು, ಹಾಲಿನ ಕೆನೆ ಬಣ್ಣ ಹೊಡೆದು ಒಣಗಿದ ಮೇಲೆ, ಪಕ್ಕದ ಮನೆಯವರು ನೋಡೋಕೆ ಬಂದಿದ್ದಾಗ, ಸ್ಕ್ರೂಡ್ರೈವರ್ ಇಸಿದುಕೊಂಡು ಎರಡು ಬಾಗಿಲಿಗೂ ಹ್ಯಾಂಡಲ್ ಹಾಕಿದ. ಎರಡೂ ಸೊಟ್ಟ. ಒಂದು ಆಕಾಶ ನೋಡ್ತಿತ್ತು, ಇನ್ನೊಂದು ನೆಲ. ಗೌರಿ ಹಲ್ಲು ಕಡಿದುಕೊಂಡು ಸುಮ್ಮನಿದ್ದಳು, ಬಣ್ಣ ಹೊಡೆದ ಹಲಗೆಯಲ್ಲಿ ಇನ್ನೊಂದು ತೂತು ಬೇಡ ಅಂತ.

ಅದಕ್ಕೂ ಮುಂಚೆ, ಮೇಲಿನ ಹಲಗೆ ಮುಚ್ಚೋ ಹೊತ್ತಿಗೆ, ಅಭ್ಯಾಸ ಬಿದ್ದ ಕೈ ತಾನಾಗೇ ಬ್ರಷ್ ಎತ್ತಿ ಒಳಮಗ್ಗುಲಲ್ಲಿ ನಾನೂರ ಹದಿನೇಳು ಅಂತ ಬರೆದುಬಿಟ್ಟಿತ್ತು. ಬರೆದಾದ ಮೇಲೆ ನೋಡಿ ನಗು ಬಂತು. ಅಳಿಸಲಿಲ್ಲ.

ಸೋಮಪ್ಪನಿಗೆ ಬಾಯಲ್ಲಿ ಹೇಳಿದರೆ ನಗ್ತಾನೆ, ಕಣ್ಣಾರೆ ನೋಡಲಿ ಅಂತ ಗೌರಿ ಕಾಯುತ್ತಿದ್ದಳು. ಮೇ ತಿಂಗಳಲ್ಲಿ ಅವನ ಮಗಳ ಮದುವೆ ನಿಶ್ಚಯವಾಗಿತ್ತು. ಸೆಕ್ಷನ್ನಿನವರ ಮನೆಮನೆಗೂ ತಾನೇ ಹೋಗಿ ಲಗ್ನಪತ್ರಿಕೆ ಕೊಡ್ತೀನಿ ಅಂದಿದ್ದ. ಭಾನುವಾರ ಬೆಳಿಗ್ಗೆ ಬಂದೇಬಿಟ್ಟ. ಗೌರಿ ಚಾಪೆ ಹಾಸಿ ಕೂರಿಸಿ, ಮೊದಲು ಕಾಫಿ ಕೊಡೋಣ, ಆಮೇಲೆ ನಿಧಾನವಾಗಿ ಎರಡೂ ಬಾಗಿಲು ತೆಗೆದು ತೋರಿಸೋಣ ಅಂತ ಅಡುಗೆಮನೆಗೆ ಓಡಿದಳು.

ಹಾಲು ಉಕ್ಕಿ ಬರೋ ಹೊತ್ತಿಗೆ ಸರಿಯಾಗಿ ಪಿಳ್ಳಮ್ಮನ ದನಿ ಕೇಳಿಸಿತು.

"ಬನ್ನಿ ಸಾಮಿ, ಒಳಗ್ ಬನ್ನಿ, ಬೀರು ನೋಡಿ ಎಂಗೈತೆ! ನನ್ ಮಗಾನೇ ಮಾಡವ್ನೆ. ಕೆಲ್ಸ ಇಲ್ದಿದ್ರೂ ಸುಮ್ಕೆ ಕೂರೋನಲ್ಲ."

ಗೌರಿ ಲೋಟಗಳನ್ನ ತಟ್ಟೆಗಿಟ್ಟುಕೊಂಡು ಬಂದಾಗ ಸೋಮಪ್ಪನ ತಲೆ ಕಬೋರ್ಡಿನ ಒಳಗಿತ್ತು. ಮೇಲಿನ ಹಲಗೆಯ ಮೇಲೆ ಕೈ ಆಡಿಸಿ ನೋಡುತ್ತಿದ್ದ. ಸ್ವಲ್ಪ ಹೊತ್ತು ಹಾಗೇ ನೋಡಿದ. ಹೊರಗೆ ಬಂದು ಕನ್ನಡಕ ಸರಿಮಾಡಿಕೊಂಡು, "ಪರವಾಗಿಲ್ಲ ಕಣಯ್ಯ ರಾಜೇಂದ್ರ, ಚೆನ್ನಾಗ್ ಮಾಡಿದೀಯ," ಅಂದ.

ರಾಜೇಂದ್ರ ನೆಲ ನೋಡಿಕೊಂಡು, ಹೆಹೆ ಅಂತ ನಕ್ಕು, "ಏನೋ ಸಾರ್, ಸುಮ್ನೆ ಟೈಂಪಾಸಿಗೆ," ಅಂದ.

ಟೈಂಪಾಸಿಗೆ! ಗೌರಿ ಬಾಯಿ ತೆರೆದಳು. ಅಷ್ಟರಲ್ಲಿ ಸೋಮಪ್ಪ, "ನಮ್ಮಲ್ಲಿ ಕಾರ್ಪೆಂಟರ್ ಜಾಗ ಖಾಲಿ ಇದೆ. ನಾಳೇನೇ ಬಾ. ಮೂರು ತಿಂಗಳು ಟ್ರಯಲ್, ಆಮೇಲೆ ಪರ್ಮನೆಂಟು," ಅಂದುಬಿಟ್ಟ. ಪಿಳ್ಳಮ್ಮ ಎರಡೂ ಕೈ ಎತ್ತಿ ಮುಗಿದಳು, ಕಣ್ಣಲ್ಲಿ ನೀರು. ರಾಜೇಂದ್ರ ತಲೆ ಎತ್ತಿ ಗೌರಿಯನ್ನ ನೋಡಿದ. ಹನ್ನೊಂದು ತಿಂಗಳಾಗಿತ್ತು ಅವನು ಕೆಲಸ ಕಳೆದುಕೊಂಡು. ಆ ನೋಟದಲ್ಲಿ ಬೇಡಿಕೊಳ್ಳೋದು ಒಂದೇ ಇತ್ತು. ಗೌರಿ ತಟ್ಟೆ ಹಿಡಿದುಕೊಂಡು ನಿಂತೇ ಇದ್ದಳು.

"ಕಾಫಿ ತಗೊಳ್ಳಿ ಸಾರ್," ಅಂದಳು.

ಆ ಮಾತಿಗೆ ಆಮೇಲೆ ಅವಳು ತನ್ನನ್ನೇ ಬೈದುಕೊಂಡಷ್ಟು ಯಾರನ್ನೂ ಬೈದಿಲ್ಲ.

ಸೋಮಪ್ಪ ಗಲ್ಲಿ ದಾಟೋವರೆಗೂ ತಡೆದುಕೊಂಡು, ಗಂಡನ ಕಡೆ ತಿರುಗಿದಳು. "ಯಾಕ್ರೀ ಸುಮ್ನಿದ್ರಿ?"

"ನಾನೆಲ್ಲಿ ಮಾಡ್ದೆ ಅಂದೆ? ಅಮ್ಮ ಅಂದ್ರು."

"ಅಲ್ಲ ಅನ್ನಬಾರದಿತ್ತಾ?"

"ಹ್ಯಾಂಡಲ್ ಹಾಕಿದ್ದು ನಾನೇ ತಾನೇ?" ಅಂದ ರಾಜೇಂದ್ರ. ಅವಳ ಮುಖ ನೋಡಿ ದನಿ ಇಳಿಸಿದ. "ಮೂರು ತಿಂಗಳು ಕಣೇ. ಪರ್ಮನೆಂಟ್ ಆಗ್ಲಿ, ಆಮೇಲೆ ನಾನೇ ಹೇಳ್ತೀನಿ. ದೇವರಾಣೆ."

ಸೋಮವಾರ ಗಂಡ ಹೆಂಡತಿ ಇಬ್ಬರೂ ಒಂದೇ ಬಸ್ಸಿನಲ್ಲಿ ಹೋದರು. ಅವನಿಗೆ ಹೊಸ ಟೋಕನ್ನು, ಆರುನೂರ ಎರಡು. ವೆಂಕಟಪ್ಪನ ಸ್ಟೂಲಿನ ಮೇಲೆ ಕೂತ. ಮೊದಲನೇ ಬಾಕ್ಸಿಗೆ ಹದಿನೈದು ಮೊಳೆ ಹೊಡೆದ, ಒಂಬತ್ತು ಬಗ್ಗಿದವು. ಮಧ್ಯಾಹ್ನದ ಹೊತ್ತಿಗೆ ಸುತ್ತಿಗೆ ಗೌರಿ ಕೈಗೆ ವಾಪಸ್ ಬಂತು. ಅವಳು ಹೊಡೆದಳು, ಅವನು ಮೇಲಿನ ಹಲಗೆಯ ಒಳಮಗ್ಗುಲಲ್ಲಿ ಆರುನೂರ ಎರಡು ಅಂತ ಬರೆದ. ಟ್ರಯಲ್ ಕಣೇ, ನನ್ ನಂಬರ್ ಕಾಣಿಸಬೇಕು ಅಂದ. ಒಂದು ದಿನ, ಎರಡು ದಿನ ಅಂದುಕೊಂಡಳು ಗೌರಿ. ವಾರ ಕಳೆಯಿತು, ತಿಂಗಳು ಕಳೆಯಿತು.

ಮೊದಲನೇ ಸಂಬಳದ ದಿನ ಅವನ ಕವರು ಅವಳದಕ್ಕಿಂತ ದಪ್ಪಗಿತ್ತು. ಲೋಡಿಂಗಿನ ಮುನಿಯಣ್ಣ ಅವನನ್ನ "ಮೇಸ್ತ್ರಿ" ಅಂತ ಕರೆಯೋಕೆ ಶುರುಮಾಡಿದ. ಮನೆಯಲ್ಲಿ ಪಿಳ್ಳಮ್ಮ ಮಗನ ಮುದ್ದೆಗೆ ಎರಡು ಚಮಚ ತುಪ್ಪ ಜಾಸ್ತಿ ಹಾಕಿದಳು, ದಿನವೆಲ್ಲ ಸುತ್ತಿಗೆ ಬೀಸಿ ಭುಜ ಇಳಿದಿದ್ದ ಸೊಸೆಗೆ ಬರೀ ಸೊಪ್ಪಿನ ಸಾರು. ಪಕ್ಕದ ಮನೆಯ ಈಶ್ವರಮ್ಮ ಬಂದು, "ರಾಜೇಂದ್ರಣ್ಣ, ನಮ್ಗೂ ಒಂದು ಕಬೋರ್ಡು ಮಾಡ್ಕೊಡಣ್ಣ," ಅಂದರೆ ಅವನು, "ಟೈಮೇ ಇಲ್ಲಮ್ಮ ಈಗ," ಅನ್ನೋದಾ! ನಾಚಿಕೆ ಅನ್ನೋದು ಹಲಗೆ ತಳ್ಳೋಕೆ ಮಾತ್ರ. ಇಷ್ಟಾದರೂ ಗೌರಿ ಬಾಯಿ ಬಿಡಲಿಲ್ಲ. ಪರ್ಮನೆಂಟ್ ಆಗ್ಲಿ, ಆಮೇಲೆ ಹೇಳ್ತೀನಿ ಅಂದಿದಾನಲ್ಲ.

ಆರನೇ ವಾರದಲ್ಲಿ ಒಂದು ದಿನ ಸೌಮ್ಯಾಗೆ ಜ್ವರ ಬಂದು ಗೌರಿ ಮಧ್ಯಾಹ್ನವೇ ಮನೆಗೆ ಹೋಗಿದ್ದಳು. ಆ ಮಧ್ಯಾಹ್ನ ರಾಜೇಂದ್ರ ಒಬ್ಬನೇ ನಾಲ್ಕು ಬಾಕ್ಸು ಹೊಡೆದ. ಮಾರನೇ ದಿನ ಲಾರಿಗೆ ಏರಿಸುವಾಗ ಅದರಲ್ಲೊಂದರ ತಳ ಟಪ್ ಅಂತ ಬಿಟ್ಟುಕೊಂಡು ಪಂಪು ಸಿಮೆಂಟ್ ನೆಲಕ್ಕೆ ಬಿತ್ತು. ಮುನಿಯಣ್ಣನ ಕಾಲು ಒಂದು ಗೇಣಿನಲ್ಲಿ ಉಳಿಯಿತು. ಎಲ್ಲರೂ ಓಡಿಬಂದರು. ಸೋಮಪ್ಪ ಮೇಲಿನ ಹಲಗೆ ಎಬ್ಬಿಸಿ ಒಳಮಗ್ಗುಲು ತಿರುಗಿಸಿದ.

ನಾನೂರ ಹದಿನೇಳು.

ಗೌರಿ ಹತ್ತಿರ ಹೋದಳು. ಒಂದು ಕ್ಷಣ ತನ್ನದೇ ತಪ್ಪಾ ಅನ್ನಿಸಿತು. ಆಮೇಲೆ ಬಾಕ್ಸು ನೋಡಿದಳು. ಮೊಳೆಗಳೆಲ್ಲ ಬಾಚಣಿಗೆಯ ಹಲ್ಲಿನ ಹಾಗೆ ಒಂದೇ ಸಾಲಿನಲ್ಲಿ, ಆ ಸಾಲಿನಗುಂಟವೇ ಹಲಗೆ ಸೀಳಿಹೋಗಿದೆ. ನಂಬರು ನೋಡಿದಳು. ಅದು ಅವಳ ಅಕ್ಷರ ಅಲ್ಲವೇ ಅಲ್ಲ. ಕಣ್ಣೆತ್ತಿ ಗಂಡನನ್ನ ನೋಡಿದಳು. ಅವನು ತನ್ನ ಚಪ್ಪಲಿ ನೋಡುತ್ತಿದ್ದ.

"ಇದು ನಾನ್ ಹೊಡೆದ ಬಾಕ್ಸಲ್ಲ ಸಾರ್. ನಿನ್ನೆ ಮಧ್ಯಾಹ್ನ ನಾನಿರಲೇ ಇಲ್ಲ. ಮೊಳೆ ನೋಡಿ," ಅಂದಳು.

ಊಟದ ಬೆಲ್ಲಾದ ಮೇಲೆ ಸೋಮಪ್ಪ ಅವಳನ್ನ ಹಲಗೆ ರಾಶಿಯ ಹಿಂದಕ್ಕೆ ಕರೆದುಕೊಂಡು ಹೋದ. ಕೈಯಲ್ಲಿ ಟೈಪ್ ಮಾಡಿದ ಒಂದು ಕಾಗದ, ಮೆಮೊ. ಅವನ ದನಿ ಮೆತ್ತಗಿತ್ತು, ಮನೆಯ ದೊಡ್ಡವರು ಸಮಾಧಾನ ಹೇಳೋ ಹಾಗೆ.

"ನಂಗೊತ್ತಿಲ್ವೇನಮ್ಮ? ಇದು ನಿನ್ ಕೈಯಲ್ಲ ಅಂತ ನೋಡಿದ ತಕ್ಷಣ ಗೊತ್ತಾಯ್ತು. ಆದ್ರೆ ಮೆಮೊ ಅವನಿಗೆ ಕೊಟ್ರೆ ಟ್ರಯಲ್ ಇವತ್ತೇ ಮುಗಿಯುತ್ತೆ, ಮನೆಗೆ ಕಳಿಸ್ತಾರೆ. ನಿಂಗೆ ಕೊಟ್ರೆ ಒಂದು ಕಾಗದ, ಫೈಲಿಗೆ ಹೋಗುತ್ತೆ, ಅಷ್ಟೇ. ಸೈನ್ ಹಾಕು."

"ನನ್ ಕೈ ಯಾವ್ದು ಅಂತ ನಿಮಗೆ ಹೆಂಗ್ ಗೊತ್ತು ಸಾರ್?"

"ಆವತ್ತು ನಿಮ್ಮನೇಲಿ ನೋಡ್ದೆನಲ್ಲ. ಕಬೋರ್ಡಿನ ಮೇಲಿನ ಹಲಗೇಲಿ ಬರೆದಿದ್ಯಲ್ಲ ನಂಬರ್ರು."

"ನೋಡಿದ್ರಾ?" ಅಂದಳು ಗೌರಿ.

"ನೋಡ್ದೆ. ಅಂಥಾ ಕೆಲ್ಸ ಈ ಪೀಣ್ಯದಲ್ಲೇ ನಾಕ್ ಜನಕ್ಕೆ ಬರಲ್ಲ. ಆದ್ರೆ ಹೆಂಗಸನ್ನ ಕಾರ್ಪೆಂಟರ್ ಮಾಡಿ ಅಂದ್ರೆ ಮ್ಯಾನೇಜರ್ ಒಪ್ತಾರಾ? ನಾಳೆ ಎಲ್ಲಾ ಹೆಲ್ಪರ್‌ಗಳೂ ಬಂದು ಕೇಳ್ತಾರೆ. ಅದಕ್ಕೇ ಅವನನ್ನ ತಗೊಂಡೆ. ಕೆಲ್ಸ ನೀನ್ ಮಾಡ್ತೀಯ, ಸಂಬಳ ನಿಮ್ಮನೆಗೇ ಹೋಗುತ್ತೆ. ಇದರಲ್ಲಿ ಯಾರಿಗೆ ಏನ್ ನಷ್ಟ, ನೀನೇ ಹೇಳು?"

ಉಪಕಾರ ಮಾಡಿದೀನಿ ಅನ್ನೋ ಮುಖ! ಕಣ್ಣಾರೆ ನೋಡಲಿ, ನೋಡಿದರೆ ಗೊತ್ತಾಗುತ್ತೆ ಅಂತ ಅವಳು ಬೆರಳು ಸವೆಸಿ ಉಜ್ಜಿದ್ದಳು. ಅವನು ನೋಡಿದ್ದ. ಗೊತ್ತೂ ಆಗಿತ್ತು. ಗೊತ್ತಿದ್ದೇ ಅವಳ ಕೈಯನ್ನ ತೆಗೆದು ಗಂಡನ ತೋಳಿಗೆ ಅಂಟಿಸಿದ್ದ. ಗೊತ್ತಿಲ್ಲದೆ ಮಾಡಿದ್ದರೆ ಕ್ಷಮಿಸಬಹುದಿತ್ತೇನೋ.

"ನಾಳೆ ಹಾಕ್ತೀನಿ ಸಾರ್," ಅಂದು ಮೆಮೊ ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡಳು.

ಆವತ್ತು ಸಂಜೆ ರಾಜೇಂದ್ರ ಟೀ ಅಂಗಡಿಯ ಹತ್ತಿರ ಬಸ್ಸಿಳಿದುಬಿಟ್ಟ, ಮನೆಗೆ ಬರೋ ಧೈರ್ಯ ಇರಲಿಲ್ಲ. ಗೌರಿ ಮನೆಗೆ ಬಂದವಳು ಕೈಕಾಲೂ ತೊಳೆಯಲಿಲ್ಲ. ಸಜ್ಜೆ ಮೇಲಿದ್ದ ಕಪ್ಪು ಬಣ್ಣದ ಡಬ್ಬಿ ಇಳಿಸಿ, ದಪ್ಪ ಬ್ರಷ್ ಅದ್ದಿ, ಕೆನೆ ಬಣ್ಣದ ಆ ಎರಡು ಬಾಗಿಲಿನ ಮೇಲೆ, ಈ ತುದಿಯಿಂದ ಆ ತುದಿಗೆ, ಮೊಳದುದ್ದದ ಅಂಕಿಗಳಲ್ಲಿ ನಾನೂರ ಹದಿನೇಳು ಅಂತ ಬರೆದಳು.

"ಅಯ್ಯಯ್ಯೋ, ನಿಂಗೇನ್ ದೆವ್ವ ಮೆಟ್ಕೊಂತಾ! ಚಿನ್ನದಂತಾ ಬೀರು!" ಪಿಳ್ಳಮ್ಮ ಬಾಯಿ ಬಡಿದುಕೊಂಡಳು.

"ನನ್ ಬೀರು ಅತ್ತೆ ಇದು. ನಾನ್ ಮಾಡಿದ್ದು. ಬೆಳ್ಳಂಬೆಳಗ್ಗೆ ಜಗಲೀಲಿ ಕೂತು ನೀವೇ ನೋಡಿದೀರ. ನೋಡಿ ಸುಳ್ಳು ಹೇಳಿದ್ರಿ."

ಪಿಳ್ಳಮ್ಮ ಅಡುಗೆಮನೆಗೆ ಸರಿದಳು. ಅಷ್ಟರಲ್ಲಿ ರಾಜೇಂದ್ರ ಹೊಸ್ತಿಲಲ್ಲಿ ಬಂದು ನಿಂತಿದ್ದ. ಬಾಗಿಲ ಮೇಲಿನ ಅಂಕಿ ನೋಡಿ ಅವನ ಮುಖ ಸಪ್ಪಗಾಯಿತು.

"ಒಡೆದ ಬಾಕ್ಸಿಗೆ ನನ್ನ ನಂಬರ್ ಬರೆದಿದ್ದು ನೀನಾ?" ಅಂದಳು ಗೌರಿ. ಮದುವೆಯಾದ ಹದಿಮೂರು ವರ್ಷದಲ್ಲಿ ಗಂಡನನ್ನ ಅವಳು ನೀನು ಅಂದದ್ದು ಅದೇ ಮೊದಲು.

"ಗಟ್ಟಿ ಇದ್ಯೋ ಇಲ್ವೋ ಅಂತ ಭಯ ಆಯ್ತು ಕಣೇ. ಒಡೆದ್ರೆ ನನ್ ಕೆಲ್ಸ ಹೋಗ್ತಿತ್ತು. ನಿಂದು ಪರ್ಮನೆಂಟು..."

"ಭಯ ಆದಾಗ ಮಾತ್ರ ನನ್ ನಂಬರ್ ನೆನಪಾಗುತ್ತಾ? ಗಟ್ಟಿ ಬಾಕ್ಸೆಲ್ಲ ನಿಂದು, ಒಡೆಯೋದು ಮಾತ್ರ ನಂದಾ?"

ಅವನು ಹೊಸ್ತಿಲಲ್ಲೇ ಕೂತ. "ಮುದ್ದೆ ಒಲೆ ಹತ್ರ ಇದೆ. ಬಡಿಸ್ಕೊ," ಅಂದು ಗೌರಿ ಬ್ರಷ್ ತೊಳೆಯೋಕೆ ಹೋದಳು.

ಮಾರನೇ ದಿನ ಮದ್ರಾಸ್ ಬಂದರಿಗೆ ಹೋಗೋ ಕಂಟೇನರ್ ಲಾರಿ ಗೇಟಿನ ಹತ್ತಿರ ಬೆಳಿಗ್ಗೆ ಎಂಟಕ್ಕೇ ಬಂದು ನಿಂತಿತ್ತು. ಮಧ್ಯಾಹ್ನದೊಳಗೆ ಇಪ್ಪತ್ತು ಬಾಕ್ಸು ಏರಬೇಕು. ಗೌರಿ ಸೀರೆ ಸೆರಗು ಸಿಕ್ಕಿಸಿ, ಪೊರಕೆ ತೆಗೆದುಕೊಂಡು, ನೆಲ ಗುಡಿಸಿದಳು. ಹಲಗೆ ಎತ್ತಿ ಮೇಜಿನ ಮೇಲಿಟ್ಟಳು. ಡಬ್ಬಿಯಿಂದ ಮೊಳೆ ತೆಗೆದು ರಾಜೇಂದ್ರನ ಕೈಯ ಹತ್ತಿರ ಜೋಡಿಸಿದಳು. ವೆಂಕಟಪ್ಪನ ಸುತ್ತಿಗೆಯನ್ನ ಅವನ ಮುಂದಿಟ್ಟಳು. ಆಮೇಲೆ ಕೈ ಕಟ್ಟಿಕೊಂಡು ಪಕ್ಕದಲ್ಲಿ ನಿಂತಳು.

ರಾಜೇಂದ್ರ ಅವಳನ್ನ ನೋಡಿದ. ಸುತ್ತಿಗೆ ನೋಡಿದ. ಹೊಡೆಯೋಕೆ ಶುರುಮಾಡಿದ. ಹತ್ತು ಗಂಟೆಗೆ ನಾಲ್ಕು ಬಾಕ್ಸು, ಅದರಲ್ಲಿ ಎರಡು ಸೀಳು. ಹೆಬ್ಬೆರಳಿನ ಉಗುರು ಕಪ್ಪಾಯಿತು. ಅಂಗೈಯ ಬೊಬ್ಬೆ ಒಡೆದು ಸುತ್ತಿಗೆಯ ಹಿಡಿಗೆ ರಕ್ತ ಅಂಟಿತು. ಗೌರಿಗೆ ಕರುಳು ಚುರ್ ಅನ್ನಲಿಲ್ಲ ಅಂದರೆ ಸುಳ್ಳಾಗುತ್ತೆ. ಆದರೆ ಕೈ ಬಿಚ್ಚಲಿಲ್ಲ. ಮುಗಿದ ಬಾಕ್ಸಿನ ಹಲಗೆಗೆ ಅವನು ಬ್ರಷ್ ಒಯ್ದಾಗಲೆಲ್ಲ ಹತ್ತಿರ ಹೋಗಿ, ಯಾವ ನಂಬರ್ ಬರೀತಾನೆ ಅಂತ ಬಗ್ಗಿ ನೋಡಿದಳು. ಆರುನೂರ ಎರಡೇ ಬರೆದ.

ಸೋಮಪ್ಪ ಓಡಿಬಂದ. "ಏನಮ್ಮ ಇದು? ಲಾರಿ ಕಾಯ್ತಾ ಇದೆ. ಹೊಡಿ ಬೇಗ!"

"ನಾನು ಹೆಲ್ಪರ್ ಸಾರ್. ಹೆಲ್ಪರ್ ಮೊಳೆ ಕೊಡ್ತಾಳೆ. ಕೊಟ್ಟಿದೀನಿ."

"ಗೌರಿ, ಹಟ ಮಾಡಬೇಡ..."

"ಹಟ ಎಲ್ಲಿ ಸಾರ್? ಕಾರ್ಪೆಂಟರ್ ಇದಾರಲ್ಲ. ನೀವೇ ನೋಡಿ ತಗೊಂಡಿದೀರ, ಕಣ್ಣಾರೆ."

ಹನ್ನೊಂದಕ್ಕೆ ಮ್ಯಾನೇಜರ್ರೇ ಇಳಿದು ಬಂದರು. ಟೈ ಸಡಿಲ, ಹಣೆಯಲ್ಲಿ ಬೆವರು. ನೆಲದ ಮೇಲಿದ್ದ ಸೀಳುಹಲಗೆಗಳನ್ನ ನೋಡಿ, "ಸೋಮಪ್ಪ, ಇಲ್ಲಿ ಕಾರ್ಪೆಂಟರ್ ಯಾರು?" ಅಂತ ಕೂಗಿದರು.

ಸೋಮಪ್ಪ ಕನ್ನಡಕ ತೆಗೆದ, ಒರೆಸಿದ, ಹಾಕಿಕೊಂಡ. ಮುನಿಯಣ್ಣ ಲೋಡಿಂಗ್ ಬಿಟ್ಟು ಬಂದು ನಿಂತ. ಆಗ ರಾಜೇಂದ್ರ ಸುತ್ತಿಗೆಯನ್ನ ಮೆಲ್ಲಗೆ ಮೇಜಿನ ಮೇಲಿಟ್ಟ.

"ಇವಳು ಸಾರ್," ಅಂದ. "ನಾನಲ್ಲ. ಇಷ್ಟು ದಿನ ಹೋದ ಬಾಕ್ಸೆಲ್ಲ ಇವಳದೇ. ನಿನ್ನೆ ಒಡೆದದ್ದು ನಂದು. ಮನೇಲಿರೋ ಕಬೋರ್ಡೂ ಇವಳೇ ಮಾಡಿದ್ದು. ನಾನು ಹ್ಯಾಂಡಲ್ ಹಾಕಿದ್ದಷ್ಟೇ."

"ಅದೂ ಸೊಟ್ಟ," ಅಂದಳು ಗೌರಿ.

ಮ್ಯಾನೇಜರ್ ಅವಳನ್ನ ಮೇಲಿಂದ ಕೆಳಗೆ ನೋಡಿದರು. "ನೋಡಮ್ಮ, ಲೇಡೀಸ್‌ಗೆ ಕಾರ್ಪೆಂಟರ್ ಪೋಸ್ಟ್ ನಮ್ಮಲ್ಲಿಲ್ಲ."

"ಹಂಗಾದ್ರೆ ಬಾಕ್ಸೂ ಇಲ್ಲ ಸಾರ್."

ಗೇಟಿನ ಹತ್ತಿರ ಲಾರಿಯವನು ಹಾರನ್ ಒತ್ತಿದ. ಬಿಡದೆ ಒತ್ತಿದ. ಮ್ಯಾನೇಜರ್ ವಾಚು ನೋಡಿಕೊಂಡು, ಸೋಮಪ್ಪನ ಕೈಯಿಂದ ಹಾಜರಿ ಪುಸ್ತಕ ಕಿತ್ತುಕೊಂಡು, "ಸರಿ, ಮೂರು ತಿಂಗಳು ಟ್ರಯಲ್ ನೋಡೋಣ," ಅಂದರು.

"ಆರು ವರ್ಷ ಟ್ರಯಲ್ ಆಗಿದೆ ಸಾರ್. ಒಂದೂ ಒಡೆದಿಲ್ಲ."

ಮ್ಯಾನೇಜರ್ ಸೋಮಪ್ಪನ ಮುಖ ನೋಡಿದರು. ಸೋಮಪ್ಪ ಹೌದು ಅನ್ನೋ ಹಾಗೆ ತಲೆ ತಗ್ಗಿಸಿದ. ಅವರು ಪೆನ್ನು ತೆಗೆದು ಏನೋ ಹೊಡೆದು ಹಾಕಿ, ಏನೋ ಬರೆದು, ಸಹಿ ಮಾಡಿದರು. ಗೌರಿ ಕೈ ಚಾಚಿ ಪುಸ್ತಕ ಇಸಿದುಕೊಂಡು, ಒಂದೊಂದೇ ಅಕ್ಷರ ಬೆರಳಿಟ್ಟು ಓದಿದಳು. ನಾನೂರ ಹದಿನೇಳು. ಗೌರಿ. ಅದರ ಮುಂದೆ ಹೆಲ್ಪರ್ ಅನ್ನೋದನ್ನ ಹೊಡೆದು, ಕಾರ್ಪೆಂಟರ್ ಅಂತ ಇತ್ತು. ಇದನ್ನ ನೋಡಿದ ದಿನ ಖುಷಿಯಾಗುತ್ತೆ ಅಂದುಕೊಂಡಿದ್ದಳು. ಆಗಲಿಲ್ಲ. ಇಷ್ಟು ಸಣ್ಣ ಗೀಟು ಹಾಕೋಕೆ ಇವರಿಗೆ ಇಷ್ಟು ವರ್ಷ ಬೇಕಾಯಿತಾ ಅಂತ ಸಿಟ್ಟು ನೆತ್ತಿಗೇರಿತು.

ಸೊಂಟದಿಂದ ಮೆಮೊ ತೆಗೆದು, ಬಿಡಿಸಿ, ಗಂಡನ ಮುಂದಿಟ್ಟಳು. ಅವನು ಬೊಬ್ಬೆ ಒಡೆದ ಕೈಯಲ್ಲೇ ಅದರಲ್ಲಿದ್ದ ನಾನೂರ ಹದಿನೇಳನ್ನ ಹೊಡೆದು, ಆರುನೂರ ಎರಡು ಅಂತ ಬರೆದು ಸಹಿ ಹಾಕಿದ.

ಗೌರಿ ಸುತ್ತಿಗೆ ಎತ್ತಿಕೊಂಡಳು. ಹಿಡಿಗೆ ಅಂಟಿದ್ದ ರಕ್ತವನ್ನ ಸೆರಗಿನಲ್ಲಿ ಒರೆಸಿದಳು. ಹೊಸ ಹಲಗೆ ಎಳೆದುಕೊಂಡು ಅಳತೆ ನೋಡಿ, ತಲೆ ಎತ್ತದೆ ಕೈ ಚಾಚಿದಳು.

"ಮೊಳೆ ಕೊಡು," ಅಂದಳು ರಾಜೇಂದ್ರನಿಗೆ.